ಸಾರಮಿಲ್ಲ ಎಂದರೆ

ಗುಂಡ್ಲುಪೇಟೆಗೆ ಬಂದು ಬಾಡಿಗೆ ಮನೆ ಕೇಳಿದಾಗ ಮಾಲೀಕರ ಹೆಂಡತಿ ಒಳಗೆ ತಿರುಗಿ, "ರೀ, ಯಾರೋ ಮಲಯಾಳಿ ಟೀಚರ್ ಬಂದವ್ರೆ ಕಣ್ರೀ" ಎಂದು ಕೂಗಿದರು. ನಾನು ಕೇಳಿದ್ದು ಕನ್ನಡದಲ್ಲೇ! ಕಾಸರಗೋಡಿನಲ್ಲಿ ಹುಟ್ಟಿ, ಅಲ್ಲಿ ಇಷ್ಟು ವರ್ಷ 'ಕನ್ನಡದವಳು' ಎನಿಸಿಕೊಂಡವಳಿಗೆ ಗಡಿ ದಾಟಿದ ಮೊದಲ ದಿನವೇ ಸಿಕ್ಕ ಬಹುಮಾನ ಇದು.

ಕಾಸರಗೋಡಿನ ನನ್ನ ಊರಿನವರೇ, ನಾವು ಶಾಲೆಯಲ್ಲಿ ಮಲಯಾಳ ಕಲಿತದ್ದು ನೆನಪಿದೆಯಲ್ಲ? ಪಾಸಾಗುವಷ್ಟು, ಅದೂ ಮೂಗು ಮುರಿಯುತ್ತಾ. ಇಲ್ಲಿ ನನ್ನ ಹೈಸ್ಕೂಲು ಹುಡುಗರು ಯಾರೂ ಕಲಿಸದೆ ಕಲಿಯುತ್ತಾರೆ. ಓಣಂ ಹೊತ್ತಿಗೆ ಚೆಂಡು ಹೂವಿನ ಹೊಲಕ್ಕೆ ಕೇರಳದ ವ್ಯಾಪಾರಿಗಳು ಬರುತ್ತಾರೆ. ಚೌಕಾಸಿಗೆ ಬೇಕಾದಷ್ಟು ಮಾತು ತಾನಾಗಿ ಬಾಯಿಗೆ ಬರುತ್ತದೆ. ನಾನು ಕಲಿಸುವ ಇಂಗ್ಲಿಷ್ ಮಾತ್ರ ಗಂಟಲಿಗಿಳಿಯದು. ಹೊಟ್ಟೆಪಾಡು ಕಲಿಸಿದಷ್ಟು ಮೇಷ್ಟ್ರು ಕಲಿಸಲಾರರು ಎಂದುಕೊಂಡೆ.

ಒಂಬತ್ತನೆಯ ತರಗತಿಯ ಮಾದೇವಿ ಒಂದು ದಿನ ಶಾಲೆ ಬಿಟ್ಟ ಮೇಲೆ ಬಂದು, "ಮಿಸ್, ನಂಗೆ ಮಲಯಾಳಂ ಏಳ್ಕೊಡಿ" ಎಂದಳು. ಅವಳ ಮನೆಯವರಿಗೆ ಹೂವಿನ ಹೊಲವಿಲ್ಲ, ಅಂಗಡಿಯೂ ಇಲ್ಲ. ಆದರೂ ಖುಷಿಯಿಂದ ಒಪ್ಪಿದೆ. ಇಲ್ಲಿ ನನ್ನ ಊರಿನ ಮಾತು ಬೇಕೆಂದು ಒಬ್ಬರು ಕೇಳಿದ್ದು ಅದೇ ಮೊದಲು. ಪಾಠದ ಜೊತೆಗೆ ಕುಚ್ಚಲಕ್ಕಿ ಗಂಜಿಯನ್ನೂ ಬಡಿಸಿದೆ. ಮುದ್ದೆ ಉಂಡು ಬೆಳೆದ ಹುಡುಗಿ ಉಪ್ಪಿನಕಾಯಿಯನ್ನಷ್ಟೇ ನೆಕ್ಕಿ ನಕ್ಕಳು.

ಯಾಕೆ ಕಲಿಯುತ್ತೀ ಎಂದು ಒಂದು ಸಂಜೆ ಕೇಳಿದೆ. ಕಳೆದ ವರ್ಷ ಅವಳ ತಾಯಿಯನ್ನು ಕೇರಳದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರಂತೆ. ಇವಳು ಅಳುತ್ತಾ ನಿಂತಿದ್ದಾಗ ನರ್ಸ್ ಬಂದು ತಲೆ ಸವರಿದರಂತೆ.

"'ಸಾರಮಿಲ್ಲ, ಸಾರಮಿಲ್ಲ' ಅಂದ್ರು ಮಿಸ್. ಅವ್ವನ ಮೈಯಲ್ಲಿ ಸಾರ ಇಲ್ಲ, ಇನ್ನು ಉಳಿಯಾಕಿಲ್ಲ ಅಂದ್ಕಂಡೆ. ಅಪ್ಪಂಗೆ ಅಂಗೇ ಏಳ್ದೆ. ಮನೇಲೇ ಕಣ್ಮುಚ್ಕಳ್ಳಿ ಅಂತ ಕರ್ಕೊಂಡ್ ಬಂದ್ಬುಟ್ರು. ವಾರ ತುಂಬೋಕ್ ಮುಂಚೆ ಓಗ್ಬುಟ್ಲು ಅವ್ವ. ಆ ನರ್ಸಮ್ಮ ಇನ್ನೂ ಏನೇನೋ ಏಳ್ತಿದ್ರು. ಎಲ್ಲ ಕಿವೀಲೇ ಅದೆ. ಕಲ್ತು ತಿಳ್ಕಬೇಕು."

ಊರಿನವರೇ, ನಿಮಗೆ ಗೊತ್ತಲ್ಲ, ಸಾರಮಿಲ್ಲ ಎಂದರೆ 'ಪರವಾಗಿಲ್ಲ, ಹೆದರಬೇಡ' ಎಂದು. ಅಳುವ ಮಗುವಿಗೆ ಯಾರಾದರೂ ಹೇಳುವ ಸಮಾಧಾನ. ಅಲ್ಲೇ ಇದ್ದಿದ್ದರೆ ಆ ತಾಯಿ ಬದುಕುತ್ತಿದ್ದಳೋ ಇಲ್ಲವೋ, ನಾನು ಹೇಗೆ ಹೇಳಲಿ?

"ನಾನು ತಿಳ್ಕಂಡಿದ್ದು ಸರಿ ಅಲ್ವಾ ಮಿಸ್?"

"ಹೌದು ಮಗು, ಸರಿ" ಎಂದೆ. ಅಡುಗೆಮನೆಗೆ ಹೋಗಿ ನಿಂತೆ.

ಆಮೇಲೆ ಪಾಠ ನಿಧಾನ ಮಾಡಿದೆ. ತಲೆನೋವು ಎನ್ನುತ್ತೇನೆ, ಅಕ್ಷರಗಳನ್ನೇ ಮತ್ತೆ ಮತ್ತೆ ತಿದ್ದಿಸುತ್ತೇನೆ. ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಕೇರಳದ ಬಸ್ಸಿನವರನ್ನು ಮಾತಾಡಿಸಿ ಕಲಿಯುತ್ತಿದ್ದಾಳೆ. ಕಾಸರಗೋಡಿನ ಮಗಳಾಗಿ ಅವಳ ಉಚ್ಚಾರ ಕೇಳಿ ಹೆಮ್ಮೆಪಡುತ್ತೇನೆ. ಈ ಊರಿನವಳಾಗಿ, ದೇವರೇ, ಇವಳಿಗೆ ಮಲಯಾಳ ಬಾರದಿರಲಿ ಎಂದು ಬೇಡಿಕೊಳ್ಳುತ್ತೇನೆ.