ಜೋಡಿಯಿಲ್ಲದ ಕೈ

ನಮ್ಮ ಟೈಲರ್ ಅತ್ತೆ ಊರಿನವರನ್ನೆಲ್ಲ ಪೋಕರ್ ಎಂಬ ಇಸ್ಪೀಟಾಟದ ಲೆಕ್ಕದಲ್ಲೇ ಅಳೆಯುತ್ತಾಳೆ. ಅಂಗಡಿಗೆ ಗಂಡ ಹೆಂಡತಿ ಬಂದರೆ ಸೂಜಿ ಕಚ್ಚಿಕೊಂಡೇ "ಒಂದು ಜೋಡಿ" ಎನ್ನುತ್ತಾಳೆ. ಬೀಗರೂ ಜೊತೆಗಿದ್ದರೆ "ಎರಡು ಜೋಡಿ". ಎದುರು ಮನೆಯ ಮೂವರು ಅಕ್ಕತಂಗಿಯರು ಅಳತೆ ತಪ್ಪಿತೆಂದು ಜಗಳಕ್ಕೆ ಬಂದರೆ, "ಮೂರೂ ಒಂದೇ ಥರ, ಎರಡು ಜೋಡಿಗಿಂತ್ಲೂ ದೊಡ್ಡದು, ಸುಮ್ನಿರು" ಎಂದು ನನ್ನನ್ನು ಚಿವುಟುತ್ತಾಳೆ. ಅವರ ಅಪ್ಪ ಅಮ್ಮನೂ ಸೇರಿಕೊಂಡರೆ ಮೂರರ ಮೇಲೊಂದು ಜೋಡಿ, ಫುಲ್ ಹೌಸ್. ಆಗ ಹೊಲಿಗೆ ಬಿಚ್ಚುತ್ತಾಳೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಕತ್ತರಿ ಸರಿಸಿ ಐದೈದು ಎಲೆ ಹಂಚುತ್ತಾಳೆ. ಪಣಕ್ಕೆ ಅಂಗಿಯ ಗುಂಡಿಗಳು. ಐದೂ ಸಾಲಾಗಿ ಬಂದದ್ದಕ್ಕಿಂತ ಐದೂ ಒಂದೇ ಜಾತಿ, ಬರೀ ಆಟೀನು ಬಂದದ್ದು ಯಾಕೆ ದೊಡ್ಡದು ಎಂದು ಕೇಳಿದರೆ, "ಸಿಗೋದು ಕಷ್ಟ ಕಣೇ, ಅದಕ್ಕೇ." ನಾನು ಪರೀಕ್ಷೆಯಲ್ಲಿ ನಪಾಸಾಗಿ, ಇನ್ನು ಕಾಲೇಜಿಗೆ ಹೋಗುವುದಿಲ್ಲವೆಂದು ಮೂಲೆಯಲ್ಲಿ ಕುಳಿತ ದಿನವೂ ಎಲೆ ಹಂಚಿದಳು. ನನ್ನ ಐದರಲ್ಲಿ ಯಾವುದಕ್ಕೂ ಯಾವುದೂ ಹೊಂದಲಿಲ್ಲ. "ನೋಡತ್ತೆ, ಇಲ್ಲೂ ಏನೂ ಇಲ್ಲ" ಎಂದು ಬಿಸಾಡಹೋದೆ. ಅವಳು ಕೈ ಹಿಡಿದಳು. "ಏನೂ ಹೊಂದದಿದ್ರೆ ಇರೋದ್ರಲ್ಲಿ ದೊಡ್ಡ ಎಲೆ ಲೆಕ್ಕಕ್ಕೆ ಬರುತ್ತೆ. ನಿಂದು ರಾಣಿ." ತನ್ನ ಎಲೆಗಳನ್ನೂ ತಿರುಗಿಸಿದಳು, ಅಲ್ಲೂ ಜೋಡಿಯಿರಲಿಲ್ಲ, ದೊಡ್ಡದೆಂದರೆ ಒಂಬತ್ತು. ಮದುವೆಯಾಗದೆ, ಈ ಒಂದೇ ಮೆಷಿನ್ನು ತುಳಿದು ನನ್ನನ್ನು ಓದಿಸುತ್ತಿರುವ ಅತ್ತೆ ನಕ್ಕಳು. "ನಾನು ಒಂಬತ್ತರಲ್ಲೇ ಇಷ್ಟು ದಿನ ಆಡಿದೀನಿ. ರಾಣಿ ಇಟ್ಕೊಂಡು ನಿಂಗೇನೇ ದಾಡಿ?" ಎಂದು ಗುಂಡಿಗಳನ್ನೆಲ್ಲ ನನ್ನತ್ತ ತಳ್ಳಿದಳು. ಅದರಲ್ಲೊಂದನ್ನು ಚೀಲಕ್ಕೆ ಹೊಲಿದುಕೊಂಡು, ನಾನು ಅದೇ ತರಗತಿಗೆ ಮತ್ತೆ ಹೋದೆ.