ಮನ್ ಮತ್ತು ಮಾನ್ ನಡುವೆ ಒಂದು ಹಗ್ಗ

ಡಚ್ಚರ ನಾಡಿನ ವೆಖ್ಟ್ ಹೊಳೆಗೆ ಬಿದ್ದ ಚಂದ್ರನನ್ನು ಕೊಕ್ಕೆ ಹಾಕಿ ಎಳೆದು, ಹಿಂಡಿ, ಮತ್ತೆ ಆಕಾಶಕ್ಕೇರಿಸಿದ ಅಂಬಿಗಿತ್ತಿ ಭೂಮಂಡಲದಲ್ಲಿ ಒಬ್ಬಳೇ. ಹೆಸರು ಖ್ರೀಟ್. ಗಂಟಲಿಗೆ ಮೀನಿನ ಮುಳ್ಳು ಸಿಕ್ಕವರಂತೆ ಕರೆಯಬೇಕು. ಮೆತ್ತಗೆ ಕರೆದರೆ ತಿರುಗಿಯೂ ನೋಡುವುದಿಲ್ಲ.

ಬೆಳಗಿನ ಮಂಜನ್ನು ಬ್ರೆಡ್ಡಿಗೆ ಸವರಬಹುದು, ಅಷ್ಟು ದಪ್ಪ. ಅದರೊಳಗಿಂದ ಅವಳ ಚಪ್ಪಟೆ ದೋಣಿ ನಿದ್ದೆಯಲ್ಲಿ ನಡೆಯುವವರಂತೆ ಬರುತ್ತದೆ. ಎರಡು ದಡಗಳಿಗೆ ಬಿಗಿದ ಹಗ್ಗವನ್ನು ಕೈಯಲ್ಲಿ ಎಳೆಯುತ್ತಲೇ ಆಕೆ, ಗಾಜಿನಮನೆಗಳಲ್ಲಿ ಟೊಮೆಟೊ ಕೀಳಲು ಹೋಗುವ ಹೊಸಬರಿಗೆ ಡಚ್ ಕಲಿಸುತ್ತಾಳೆ. ಹಲಗೆಯಿಲ್ಲ, ಬಳಪವಿಲ್ಲ, ಹಗ್ಗವೇ ವ್ಯಾಕರಣ. ಹ್ರಸ್ವಕ್ಕೆ ಗಕ್ಕನೆ ಒಂದು ಜಗ್ಗು, ದೀರ್ಘಕ್ಕೆ ಎದೆಯವರೆಗೂ ಎಳೆತ. ‘ಮನ್’ ಎಂದರೆ ಗಂಡಸು. ‘ಮಾನ್’ ಎಂದರೆ ಚಂದ್ರ.

“ಬರೆಯೋವಾಗ ಮನ್‌ಗೆ ಒಂದು ಎ, ಮಾನ್‌ಗೆ ಎರಡು. ಚಂದ್ರರು ಹಲವರಾದ್ರೆ ಒಂದು ಎ ಬಿದ್ದುಹೋಗುತ್ತೆ. ಗಂಡಸರು ಹಲವರಾದ್ರೆ ಇನ್ನೊಂದು ಎನ್ ನುಗ್ಗುತ್ತೆ. ಗಂಡಸರು ಎಲ್ಲಿದ್ರೂ ನುಗ್ಗೋರೇ!”

“ಅವುಗಳ ಮುಂದೆ ‘ದೆ’ ಹಾಕ್ಲಾ, ‘ಹೆಟ್’ ಹಾಕ್ಲಾ?” ಎಂದು ಎರಿಟ್ರಿಯಾದ ಹಬ್ತೊಮ್, ಡಚ್ಚಿನ ಎರಡೆರಡು ‘ದಿ’ಗಳ ನಡುವೆ ಸಿಕ್ಕಿ, ತಲೆ ಕೆರೆದುಕೊಳ್ಳುತ್ತಾನೆ.

“ಅದು ತಪ್ಪಿದ್ರೆ ಜನ ನಗ್ತಾರೆ ಮಗಾ. ಸ್ವರ ತಪ್ಪಿದ್ರೆ ಮುಳುಗ್ತಾರೆ.”

ಖ್ರೀಟಳ ಭುಜ ಸೋತಿದೆ. ಹಗ್ಗ ಹಿಡಿಯಲು ಹಬ್ತೊಮ್ ತಯಾರಿದ್ದಾನೆ. ಆದರೆ ಅಪಾಯದ ಕೂಗನ್ನು ಅವನು ಸ್ಪಷ್ಟ ಡಚ್ಚಿನಲ್ಲಿ ಕೂಗಿ ತೋರಿಸದಿದ್ದರೆ ದೋಣಿಯನ್ನೇ ನಿಲ್ಲಿಸುವುದಾಗಿ ದೋಣಿ ಸಂಘದ ಅಧ್ಯಕ್ಷ ವೀಬೆ ಹೇಳಿದ್ದಾನೆ. ಪರೀಕ್ಷೆ ಇವತ್ತೇ.

ವೀಬೆ ಠೀವಿಯಿಂದ ದೋಣಿಯಂಚಿನಲ್ಲಿ ನಿಲ್ಲುತ್ತಾನೆ, ಜಾರುತ್ತಾನೆ, ದೊಪ್ಪನೆ ನೀರಿಗೆ ಬೀಳುತ್ತಾನೆ. ಗಾಬರಿಯಲ್ಲಿ ಹಬ್ತೊಮ್ ಹಗ್ಗವನ್ನು ಎದೆಯವರೆಗೂ ಎಳೆದು ಕೂಗುತ್ತಾನೆ: “ಮಾನ್ ಓವರ್‌ಬೋರ್ಟ್!”

ಚಂದ್ರ ನೀರಿಗೆ ಬಿದ್ದ! ದಡದವರೆಲ್ಲ ಮಂಜು ಸರಿದಲ್ಲಿ ತೇಲುತ್ತಿರುವ ಮಸುಕು ಚಂದ್ರನನ್ನು ನೋಡುತ್ತ ಮೈಮರೆಯುತ್ತಾರೆ. “ಹೌದಲ್ವಾ, ಎಷ್ಟು ಚೆಂದ,” ಎನ್ನುತ್ತಾಳೆ ಸೈಕಲ್ ಹಿಡಿದ ಹುಡುಗಿ.

“ಗಕ್ಕನೆ ಜಗ್ಗೋ!” ಖ್ರೀಟ್ ಕಿರುಚುತ್ತಾಳೆ.

ಹಬ್ತೊಮ್ ಜಗ್ಗುತ್ತಾನೆ. “ಮನ್! ಮನ್ ಓವರ್‌ಬೋರ್ಟ್!”

ದಡಕ್ಕೆ ದಡವೇ ನೀರಿಗೆ ಧುಮುಕುತ್ತದೆ.

ಮೇಲೆ ಬಂದ ವೀಬೆಯ ಹಲ್ಲು ಕಟಕಟ. “ಎರಡನೇ ಸಲ... ಸ್ಪಷ್ಟವಾಗಿತ್ತು. ಹಗ್ಗ ಅವನಿಗೇ ಕೊಡು.”

ಇಷ್ಟನ್ನೂ ಬರೆದು ನಾನು ಓದಿ ಹೇಳಿದಾಗ ಖ್ರೀಟ್ ಹುಬ್ಬೇರಿಸುತ್ತಾಳೆ. “ಚಂದ್ರನ್ನ ನಾನು ಎತ್ತಿದ್ನೇನಯ್ಯಾ? ಹಿಂಡಿದ್ನಾ?”

ಸಿಕ್ಕಿಬಿದ್ದಾಯಿತು. ನಿಜ ಇಷ್ಟೇ: ಚಂದ್ರ ಎಲ್ಲಿದ್ದನೋ ಅಲ್ಲೇ ಇದ್ದ. ಬಿದ್ದವನು ವೀಬೆ, ನೀರು ಸೊಂಟದಷ್ಟು, ಧುಮುಕಿದ್ದು ಸೈಕಲ್ಲಿನ ಹುಡುಗಿ ಒಬ್ಬಳೇ.

“ಹಾಂ, ಹಾಗೆ ಬರಿ,” ಎನ್ನುತ್ತ ಖ್ರೀಟ್ ಮೊದಲ ಸಲ ಪ್ರಯಾಣಿಕರ ಬೆಂಚಿನ ಮೇಲೆ ಕೂರುತ್ತಾಳೆ. “ನಾಳೆ ದೋಣಿ ಇದೆ ಅಂತಲೂ ಬರಿ.”