ಮಂಚಕ್ಕೆ ಇಳಿದ ಕರೆಂಟು

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಮನೆಗೆ ಬಂದ ಮೇಲೆ ಅದೇ ಕೈಗೆ ಬೇರೊಂದು ಹುಚ್ಚು. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬಿಡಿಸುತ್ತಿದ್ದಳು. ಅದಕ್ಕೆಂದೇ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಯಾರೋ ಪುಣ್ಯಾತ್ಮರು ಬರೆದು ಜಗತ್ತಿಗೆಲ್ಲ ಬಿಟ್ಟಿಯಾಗಿ ಹಂಚಿದ್ದರು. ಪರದೆಯ ಮೇಲೆ ಬಿಡಿಭಾಗಗಳನ್ನಿಟ್ಟು, ತಾಮ್ರದ ಗೆರೆ ಎಳೆದು ಕಾರ್ಖಾನೆಗೆ ಕಳಿಸಿದರೆ ಹಸಿರು ಬೋರ್ಡು ಅಂಚೆಯಲ್ಲಿ ಬರುತ್ತಿತ್ತು. ಅಂಚೆಯವನನ್ನು ಕಂಡಾಗ ಅರಳುವಷ್ಟು ನನ್ನನ್ನು ಕಂಡಾಗ ಅರಳುವುದಿಲ್ಲ ಎಂದು ಗಂಡ ಛೇಡಿಸುತ್ತಿದ್ದ.

ಆ ವರ್ಷದ ಚಳಿಗೆ ಅತ್ತೆಯ ಪಾದಗಳು ಹಗಲಲ್ಲೂ ಬೆಚ್ಚಗಾಗುತ್ತಿರಲಿಲ್ಲ. ಹಾಸಿಗೆಯಡಿ ಕರೆಂಟಿನಿಂದ ಬಿಸಿಯಾಗುವ ಚಾಪೆ ಹಾಕಿದರು. ಒಮ್ಮೊಮ್ಮೆ ಅದು ಕಾದು ಬೆವರಿಳಿಸುತ್ತಿತ್ತು. ಹಾಗಾಗಿ ಮಂಚ ತಣ್ಣಗಾದಾಗ ಚಾಪೆಯನ್ನು ಹಚ್ಚುವ, ಬೆಚ್ಚಗಾದಾಗ ಆರಿಸುವ ಒಂದು ಬೋರ್ಡನ್ನು ಕನ್ನಡಕದಕ್ಕ ಮಾಡಲು ಹೊರಟಳು. ಮೊದಲ ಮಾದರಿ ಸುಮ್ಮಸುಮ್ಮನೆ ಟಕಟಕ ಎನ್ನುತ್ತಿತ್ತು. ಎರಡನೆಯದಕ್ಕೆ ಚಳಿ ಯಾವುದು ಸೆಕೆ ಯಾವುದು ತಿಳಿಯಲಿಲ್ಲ. ಮೂರನೆಯದು ಹೇಳಿದ ಮಾತು ಕೇಳಿತು. ಶಾಖ ಅಳೆಯುವ ಲೋಹದ ತುದಿಯನ್ನು ಕಬ್ಬಿಣದ ಮಂಚದ ಕಂಬಿಗೆ ಕಟ್ಟಿದಳು. ಅತ್ತೆ ಬಂದವರಿಗೆಲ್ಲ ಸೊಸೆಯ ಗುಣಗಾನ ಮಾಡಿದರು. ಆ ಉಬ್ಬಿನಲ್ಲಿ ಅವಳು ನಕ್ಷೆಯನ್ನು, ಬೇಕಾದವರು ಮಾಡಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಹಾಕಿಬಿಟ್ಟಳು.

ಒಂದು ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತಾ ಅಂಗೈ ಉಜ್ಜಿಕೊಂಡರು.

"ಮಂಚದ ಕಂಬಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೇ. ವಯಸ್ಸಾಯ್ತಲ್ಲ, ನರ ಇರ್ಬೇಕು."

"ಯಾವಾಗಿಂದ ಅತ್ತೆ?"

"ಆಗ್ಲೇ ಒಂದು ವಾರ ಆಯ್ತೇನೋ. ನೀನು ಅಷ್ಟು ಆಸೆಯಿಂದ ಮಾಡಿದ್ದು, ಅದಕ್ಕೆ ಹೆಸರಿಡೋದು ಯಾಕೆ ಅಂತ ಸುಮ್ನಿದ್ದೆ."

ಕನ್ನಡಕದಕ್ಕ ತಟ್ಟನೆ ಎದ್ದಳು. ಟೆಸ್ಟರ್ ತಂದು ಕಂಬಿಗೆ ತಾಗಿಸಿದಳು. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು. ಪ್ಲಗ್ ಕಿತ್ತು, ಬೋರ್ಡು ಬಿಚ್ಚಿ, ಭೂತಗನ್ನಡಿಯಡಿ ಹಿಡಿದಳು. ಗೋಡೆಯ ಕರೆಂಟು ಹರಿಯುವ ಗೆರೆಗೂ ಮಂಚದ ಕಂಬಿಗೆ ಹೋಗುವ ತಾಮ್ರಕ್ಕೂ ನಡುವೆ ಬೆರಳಗಲ ಅಲ್ಲದಿದ್ದರೂ ಅಕ್ಕಿಕಾಳಿನಷ್ಟಾದರೂ ಜಾಗ ಇರಬೇಕಿತ್ತು. ಅಲ್ಲಿದ್ದದ್ದು ಕೂದಲೆಳೆಯಷ್ಟು ಸಂದು. ಅದರಲ್ಲಿ ಬೆಸುಗೆಯ ಜಿಡ್ಡು, ಧೂಳು, ಕಂದು ಬಣ್ಣದ ಸುಟ್ಟ ಕಲೆ.

ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್ಡು ಡಬ್ಬಿಯೊಳಗೆ ಹಿಡಿಸಲೆಂದು ಕೊನೆಗಳಿಗೆಯಲ್ಲಿ ಒಂದು ಭಾಗವನ್ನು ಪಕ್ಕಕ್ಕೆ ಸರಿಸಿದ್ದಳು. ಅದರ ಹಿಂದೆಯೇ ತಾಮ್ರವೂ ಕರೆಂಟಿನ ಗೆರೆಯ ಹತ್ತಿರಕ್ಕೆ ಹರಡಿಕೊಂಡಿತ್ತು. ಇಂಥದ್ದನ್ನು ಹಿಡಿದುಕೊಡುವ ತಪಾಸಣೆ ಸಾಫ್ಟ್‌ವೇರಿನಲ್ಲೇ ಇದೆ. ಆದರೆ ಬೋರ್ಡಿನ ಮೇಲೆ ಬರೆದ ಅಕ್ಷರ ಇಲ್ಲಿ ತಾಗಿತು, ಅಲ್ಲಿ ತಾಗಿತು ಎಂದು ಅದು ಸಣ್ಣಪುಟ್ಟದ್ದಕ್ಕೆಲ್ಲ ಗೊಣಗಿದ್ದಕ್ಕೆ ಬೇಸತ್ತು, ಅವಳೇ ಅದರ ಬಾಯಿ ಮುಚ್ಚಿಸಿದ್ದಳು.

ಅತ್ತೆ ಕಣ್ಣೆದುರು ಕಾಫಿ ಕುಡಿಯುತ್ತಿದ್ದಾರೆ ಎಂಬ ಸಮಾಧಾನ ಮೂಡುವ ಮೊದಲೇ ಅವಳಿಗೆ ಇನ್ನೊಂದು ನೆನಪಾಯಿತು. ಹಳದಿ ವ್ಯಾನ್ ಎಂದು ಹೆಸರಿಟ್ಟುಕೊಂಡ ಯಾರೋ ನಕ್ಷೆಯ ಕೆಳಗೆ ನಾಲ್ಕು ಸಾಲು ಬರೆದಿದ್ದರು. ಹಾಸಿಗೆ ಹಿಡಿದ ಅಪ್ಪನಿಗೆ ಇದೇ ಬೋರ್ಡು ಮಾಡಿಕೊಟ್ಟಿದ್ದೇನೆ, ನಮ್ಮದೂ ನಿಮ್ಮ ಊರೇ, ಸಾಮಾನು ಇಲ್ಲಿನ ರೇಡಿಯೋ ಅಂಗಡಿಯಲ್ಲಿ ಸಿಕ್ಕಿತು, ನಿಮಗೆ ಕೋಟಿ ನಮಸ್ಕಾರ ಎಂದು.

ನಕ್ಷೆಯನ್ನು ತೆಗೆದು, ಆ ಜಾಗದಲ್ಲಿ ದಪ್ಪಕ್ಷರದ ಎಚ್ಚರಿಕೆ ಹಾಕಿದಳು. ಹಳದಿ ವ್ಯಾನಿಗೆ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಆಮೇಲೆ ಚಪ್ಪಲಿ ಮೆಟ್ಟಿ ರೇಡಿಯೋ ಅಂಗಡಿಗೆ ಓಡಿದಳು. ಸ್ಕೂಲ್ ವ್ಯಾನಿನ ಡ್ರೈವರ್ ಇರಬೇಕು ಎಂದು ಅಂಗಡಿಯವನು ಗುರುತು ಹಿಡಿದ. ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ, ನೀಲಿ ಬಾಗಿಲು ಎಂದ. ಈ ಹೊತ್ತಿಗೆ ಮಕ್ಕಳನ್ನು ಬಿಡಲು ಹೋಗಿರುತ್ತಾನೆ, ಗಾಡಿ ಓಡಿಸುವಾಗ ಫೋನ್ ಮುಟ್ಟುವ ಜಾಯಮಾನದವನಲ್ಲ ಎಂದೂ ಹೇಳಿದ.

ಗಲ್ಲಿ ತಿರುಗಿದಾಗ ನೀಲಿ ಬಾಗಿಲಿನ ಮುಂದೆ ಜನ ಗುಂಪುಗೂಡಿದ್ದರು. ತಡವಾಯಿತು ಎಂದುಕೊಂಡಳು ಕನ್ನಡಕದಕ್ಕ. ಜನರನ್ನು ತಳ್ಳಿಕೊಂಡು ಮುಂದೆ ಹೋದಳು. ಗುಂಪು ಸರಿದಾಗ ನಡುವೆ ತರಕಾರಿ ಗಾಡಿ ಕಂಡಿತು. ಹೆಂಗಸರು ಟೊಮೆಟೊ ಆರಿಸುತ್ತಿದ್ದರು.

ಬಾಗಿಲು ತೆರೆದವಳು ಡ್ರೈವರನ ಹೆಂಡತಿ. ಅವಳ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು, ಕೈಯಲ್ಲಿ ಹಿಂಡಿದ ಬಟ್ಟೆಯಿತ್ತು. ಮಾವನಿಗೆ ಮೈ ಒರೆಸುವ ಹೊತ್ತು, ಆಮೇಲೆ ಬನ್ನಿ ಎಂದಳು.

"ಮಂಚ ಮುಟ್ಬೇಡಿ," ಎಂದಳು ಕನ್ನಡಕದಕ್ಕ. ಚಪ್ಪಲಿ ಬಿಡದೆ ಒಳಗೆ ಕಾಲಿಟ್ಟಳು. "ಮಂಚ ಒಂದನ್ನ ಮುಟ್ಬೇಡಿ."

ಒಳಗೆ ಕಬ್ಬಿಣದ ಮಂಚ. ಅದರ ಪಕ್ಕ ನೀರು ತುಂಬಿದ ಬೋಗುಣಿ, ಒದ್ದೆ ನೆಲ. ಗೋಡೆಯ ಮೇಲೆ ಅವಳದೇ ನಕ್ಷೆಯ ಬೋರ್ಡು ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಒಣ ಜಾಗ ನೋಡಿ ಕಾಲಿಟ್ಟು, ಪ್ಲಗ್ ಕಿತ್ತಳು. ಡಬ್ಬಿ ಬಿಚ್ಚಿದಾಗ ಅದೇ ಸಂದು, ಅದೇ ಕಂದು ಕಲೆ. ಮನೆಯದ್ದಕ್ಕಿಂತ ದೊಡ್ಡದು.

ಮಂಚದ ಮೇಲಿನ ಮುದುಕರ ಒಂದು ಮಗ್ಗುಲು ಲಕ್ವ ಹೊಡೆದು, ಮಾತು ನಿಂತುಹೋಗಿತ್ತು. ಸರಿಯಿದ್ದ ಒಂದು ಕೈಯನ್ನು ಹೊದಿಕೆಯೊಳಗೆ ಎದೆಗೊತ್ತಿ ಇಟ್ಟುಕೊಂಡಿದ್ದರು. ಸೊಸೆ ಅದನ್ನೇ ನೋಡುತ್ತಾ ನಿಂತಳು.

"ಕಂಬಿ ಮೇಲೆ ಕೈ ಇಡಿಸಿದ್ರೆ ಸಾಕು, ಎಳ್ಕೊಂಡು ಗುರ್ ಅನ್ನೋರು. ನಾವು ಹಟ ಅಂದ್ಕೊಂಡ್ವಿ," ಎಂದಳು. "ಗದರಿದ್ವಿ ಕೂಡ."

ಮಧ್ಯಾಹ್ನ ಡ್ರೈವರ್ ಬಂದ. ಕನ್ನಡಕದಕ್ಕ ಏನನ್ನೂ ಮುಚ್ಚಿಡಲಿಲ್ಲ. ತಪಾಸಣೆಯನ್ನು ತಾನೇ ನಿಲ್ಲಿಸಿದ್ದನ್ನೂ ಹೇಳಿದಳು. ಬೈದರೆ ಬೈಸಿಕೊಳ್ಳಲು ತಯಾರಾಗಿ ಬಂದವಳು. ಅವನು ಬೈಯಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಅಪ್ಪನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಕೂತ.

"ಇದನ್ನ ಇನ್ನೂ ಯಾರ್ಯಾರು ಮಾಡಿದಾರೆ ಅಕ್ಕ?" ಎಂದು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ನಕ್ಷೆಯನ್ನು ಎಷ್ಟು ಜನ ಇಳಿಸಿಕೊಂಡರೆಂದು ಕಂಪ್ಯೂಟರ್ ಹೇಳುತ್ತಿತ್ತು. ಯಾರು, ಯಾವ ಊರಿನವರು, ಯಾರ ಮಂಚಕ್ಕೆ ಎಂದು ಹೇಳುತ್ತಿರಲಿಲ್ಲ.

ಅವಳು ಹೊಸ ನಕ್ಷೆ ಬಿಡಿಸಿದಳು. ಎರಡು ಕಡೆಯ ತಾಮ್ರದ ನಡುವೆ ಬೋರ್ಡನ್ನೇ ಸೀಳಿ, ಕರೆಂಟು ದಾಟಲಾರದ ಕಂದಕ ತೋಡಿದಳು. ಎಲ್ಲ ತಪಾಸಣೆಗಳನ್ನೂ ಹಚ್ಚಿ, ಸಾಫ್ಟ್‌ವೇರ್ ಗೊಣಗಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಡ್ರೈವರ್ ರಜೆಯ ದಿನ ಬಂದು ಪಕ್ಕದಲ್ಲಿ ಕೂತು, ಇದ್ಯಾಕೆ, ಅದ್ಯಾಕೆ ಎಂದು ತಲೆ ತಿಂದ. ಅವನು ತಿನ್ನಲಿ ಎಂದೇ ಅವಳೂ ಬಯಸಿದಳು. ಬೋರ್ಡು ಬಂದ ಮೇಲೆ ಟೆಸ್ಟರ್ ಹಿಡಿದರು, ಮೀಟರ್ ಹಿಡಿದರು. ಎಲ್ಲೂ ಏನೂ ಸೋರಲಿಲ್ಲ. ಆದರೂ ಡ್ರೈವರ್ ಅದನ್ನು ಮನೆಗೊಯ್ಯಲಿಲ್ಲ. ಅತ್ತೆ ಆಗಲೇ ಬಿಸಿನೀರಿನ ಚೀಲಕ್ಕೆ ಮರಳಿದ್ದರು.

"ನಿನ್ನ ಮೇಲೆ ನಂಗೆ ನಂಬಿಕೆ ಇದೆ ಕಣೇ," ಎಂದರು. "ಈ ಕೈಗೆ ಇನ್ನೂ ಬಂದಿಲ್ಲ ನೋಡು."

ಎಚ್ಚರಿಕೆಯ ಕೆಳಗೆ ಉತ್ತರಗಳು ಬರತೊಡಗಿದವು. ಒಬ್ಬರು ಪ್ಲಗ್ ತೆಗೆದೆ ಎಂದರು. ಇನ್ನೊಬ್ಬರು ನಕ್ಷೆ ಇಳಿಸಿಕೊಂಡಿದ್ದಷ್ಟೆ, ಮಾಡಿರಲಿಲ್ಲ ಎಂದರು. ಒಬ್ಬಾಕೆ ಮಗುವಿನ ತೊಟ್ಟಿಲಿಗೆ ಕಟ್ಟಬೇಕೆಂದಿದ್ದೆ ಎಂದು ಬರೆದಾಗ ಕನ್ನಡಕದಕ್ಕ ಎದ್ದುಹೋಗಿ ಬಚ್ಚಲಲ್ಲಿ ಮುಖ ತೊಳೆದು ಬಂದಳು. ಬರೆಯದೆ ಉಳಿದವರೇ ಹೆಚ್ಚು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವಾಗ ಫೋನ್ ಸದ್ದಾದರೆ ಇಂದಿಗೂ ಅವಳು ಯಂತ್ರ ನಿಲ್ಲಿಸುತ್ತಾಳೆ, ಕೈ ಒರೆಸಿಕೊಳ್ಳುತ್ತಾಳೆ, ಉಳಿದವರಲ್ಲಿ ಯಾರಾದರೂ ಬರೆದರೇ ಎಂದು ಓದುತ್ತಾಳೆ.